ಆಂಟೆನಾಕ್ಕೆ ಹಬ್ಬಿದ ಕೃಷ್ಣಕಮಲ

ನಾನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ವರ್ಷವೇ ಆ ಮನೆಗೆ ಟೀವಿಯೂ ಬಂದಿತ್ತು. ಇಬ್ಬರಲ್ಲಿ ಟೀವಿಗೇ ಮರ್ಯಾದೆ ಹೆಚ್ಚು. ಅದಕ್ಕೆ ಅತ್ತೆ ಕೈಯಾರೆ ಹೆಣೆದ ಬಿಳಿ ಹೊದಿಕೆ ಇತ್ತು, ಸಂಜೆ ಅದರ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದರು. ಪೋಸ್ಟ್ ಮಾಸ್ತರರಾಗಿ ನಿವೃತ್ತರಾಗಿದ್ದ ಮಾವನವರು ಅದರ ಗುಂಡಿಯನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮುಂಬಾಗಿಲ ಪಕ್ಕದ ಗೋಡೆಗೆ ಹೊಂದಿಸಿ ನೆಟ್ಟ ಕಬ್ಬಿಣದ ಪೈಪು ಮಾಳಿಗೆಯನ್ನು ದಾಟಿ ಮೇಲೆ ಹೋಗಿತ್ತು. ಅದರ ತುದಿಗೆ, ಹಲ್ಲುದುರಿದ ಹಣಿಗೆಯ ಹಾಗೆ, ಆಂಟೆನಾ. ಅದರ ಮುಖ ಧಾರವಾಡದ ಕಡೆ ಇರಬೇಕೋ ಬೆಳಗಾವಿಯ ಕಡೆ ಇರಬೇಕೋ ಎಂಬುದು ಮಾವನವರಿಗೂ ಪಕ್ಕದ ಮನೆಯ ಚಾಚಾಗೂ ನಡೆದೇ ಇದ್ದ ವಾದ. ಚಾಚಾ ಸರಕಾರಿ ಬಸ್ಸಿನ ಡ್ರೈವರ್. ದಿಕ್ಕಿನ ವಿಷಯದಲ್ಲಿ ತಾವು ಹೇಳಿದ್ದೇ ಸರಿ ಎಂದು ಅವರ ನಂಬಿಕೆ.

ರಾಮದುರ್ಗದ ನನ್ನ ತವರುಮನೆಯ ಹಿತ್ತಲಲ್ಲಿ ಕೃಷ್ಣಕಮಲದ ಬಳ್ಳಿ ಇತ್ತು. ಇಲ್ಲಿ ಅಂಗಳದಲ್ಲಿ ಒಂದು ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಒಂದು ಕಣಗಿಲೆ ಗಿಡ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಅತ್ತಿ, ಅಂಗಳದಾಗ ಒಂದು ಬಳ್ಳಿ ಹಚ್ಚೂಣೇನ್ರಿ?"

"ಬಳ್ಳಿ?" ಅತ್ತೆ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟರು. "ಬಳ್ಳಿ ಬಂತಂದ್ರ ಅದರ ಬೆನ್ನ ಹಿಂದ ಹಾವು ಬರ್ತೈತಿ. ಪೂಜಿಗೆ ಕಣಗಿಲಿ ಐತಿ. ಮತ್ತೇನ ಬೇಕ ನಿನಗ?"

ಮಾವನವರು ಪೇಪರಿನ ಹಿಂದಿನಿಂದಲೇ ತೀರ್ಪು ಕೊಟ್ಟರು. "ಹಚ್ಚಲಿ ಬಿಡ. ಟೀವಿಗೆ ತ್ರಾಸ ಆಗದಂಗ ಇದ್ರ ಸಾಕು."

ಆ ಮಾತನ್ನು ಅವರು ಆಮೇಲೆ ಎಷ್ಟು ಸಲ ನೆನೆದು ಹಣೆ ಚಚ್ಚಿಕೊಂಡರೋ!

ರಾಮದುರ್ಗದ ಬಸ್ಸು ಆಗ ಚಾಚಾನ ಪಾಳಿಯಲ್ಲಿತ್ತು. ನನ್ನ ಅವ್ವ ಬಳ್ಳಿಯ ಎರಡು ತುಂಡುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಬಸ್‌ ಸ್ಟ್ಯಾಂಡಿನಲ್ಲಿ ಅವರ ಕೈಗೆ ಕೊಟ್ಟಳು. ಸಂಜೆ ಚಾಚಾ ಖಾಕಿ ಅಂಗಿಯಲ್ಲೇ ನಮ್ಮ ಅಂಗಳಕ್ಕೆ ಬಂದರು.

"ತಗೋವಾ, ನಿನ್ನ ತವರುಮನಿ ಬಂತು. ಎಂಜಿನ್ ಬಾಜೂಕ ಇಟ್ರ ಬೆಂದು ಪಲ್ಯ ಆಗತೈತಂತ ಸೀಟಿನ ಮ್ಯಾಲ ಕುಂದ್ರಿಸಿಕೊಂಡು ಬಂದೇನಿ. ಸವದತ್ತ್ಯಾಗ ನನ್ನ ಕುಡಿಯೋ ನೀರು ಇದಕ್ಕ ಹೊಡದೇನಿ. ಒಬ್ಬಾಂವ ಬಂದು, 'ಕಟ್ಟಿಗಿ ತಗೀರಿ, ಕುಂದರತೇನಿ' ಅಂದ. 'ಬೀಗರ ಮನಿಗೆ ಹೊಂಟೈತಪ್ಪ, ನೀನ ನಿಂದ್ರು' ಅಂದೆ."

ಅತ್ತೆ ಆ ಎರಡು ತುಂಡುಗಳನ್ನು ತಿರುವಿ ಮುರುವಿ ನೋಡಿದರು. ಎಲೆಗಳೆಲ್ಲ ಬಾಡಿ ಜೋತುಬಿದ್ದಿದ್ದವು. "ಇದಕ್ಕ ಇಷ್ಟ ದೂರ ಬಸ್ಸಿನಾಗ ತರಬೇಕಾಗಿತ್ತ? ನಮ್ಮ ಒಲಿ ಮುಂದ ಬೇಕಾದಷ್ಟ ಬಿದ್ದಾವು" ಎಂದರು.

ಗೋಡೆಯ ಬುಡದಲ್ಲಿ, ಪೈಪಿನಿಂದ ಸಾಕಷ್ಟು ದೂರ ಎಂದು ನನಗನ್ನಿಸಿದ ಜಾಗದಲ್ಲಿ ನೆಟ್ಟೆ. ಒಂದು ತುಂಡು ಆ ವಾರವೇ ಒಣಗಿತು. ಇನ್ನೊಂದು ಸಾಯಲೂ ಇಲ್ಲ, ಬದುಕಲೂ ಇಲ್ಲ. ಬೇಸಿಗೆಯಿಡೀ ಹಾಗೇ ಕೋಲಿನಂತೆ ನಿಂತಿತ್ತು. ಓಣಿಯವರೆಲ್ಲ ಬುದ್ಧಿ ಹೇಳಿದರು. ಹುಳಿ ಮಜ್ಜಿಗೆ ಹಾಕು, ಚಹಾದ ಚರಟ ಹಾಕು, ಬೆಳಿಗ್ಗೆ ಎದ್ದು ಅದರ ಮುಂದೆ ಸುಮ್ಮನೆ ನಿಲ್ಲು. ನಾನು ಎಲ್ಲವನ್ನೂ ಮಾಡಿದೆ. ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅತ್ತೆ ಅತ್ತಿತ್ತ ಕಣ್ಣಾಡಿಸಿ, ಅಕ್ಕಿ ತೊಳೆದ ನೀರನ್ನು ಮೆಲ್ಲಗೆ ಅದರ ಬುಡಕ್ಕೆ ಹಾಕುತ್ತಿದ್ದರು. ನಾನು ಹೊರಗೆ ಬಂದದ್ದು ಕಂಡು ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿದರು.

"ಬಚ್ಚಲಾ ತುಂಬೇತಿ. ಎಲ್ಲಿ ಚೆಲ್ಲಲಿ ಮತ್ತ?" ಎಂದು ನನ್ನನ್ನೇ ಗದರಿದರು.

ಮಳೆಗಾಲ ಹಿಡಿಯುತ್ತಲೇ ಆ ಕೋಲಿಗೆ ಏನಾಯಿತೋ, ದಿನಕ್ಕೊಂದು ಚಿಗುರು. ನಮ್ಮ ಮನೆಯವರು ಮಾರ್ಕೆಟ್ ಯಾರ್ಡಿನಲ್ಲಿ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿಂದ ಚೀಲ ಹೊಲಿಯುವ ಸುತಳಿ ತಂದು, ಬಿದಿರಿನ ಗಳ ನಿಲ್ಲಿಸಿ, ಒಂದು ಭಾನುವಾರವಿಡೀ ಕೂತು ಚೆಂದದ ಚಪ್ಪರ ಕಟ್ಟಿದರು. ಬಳ್ಳಿ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಆಂಟೆನಾದ ಪೈಪು. ನಾನು ಬೆಳಿಗ್ಗೆ ಅದರ ಕುಡಿಬಳ್ಳಿಗಳನ್ನು ಬಿಡಿಸಿ ಚಪ್ಪರಕ್ಕೆ ಕಟ್ಟುವುದು, ಸಂಜೆಯ ಹೊತ್ತಿಗೆ ಅದು ಮತ್ತೆ ಪೈಪನ್ನು ತಬ್ಬಿಕೊಂಡು ನಿಲ್ಲುವುದು. ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಆ ಕುಡಿಗಳ ಹಿಡಿತ ಎಂಥದೆಂದರೆ, ಎಷ್ಟೋ ಸಲ ಹರಿದೇ ಬಿಡಿಸಬೇಕಾಗುತ್ತಿತ್ತು.

"ನಾ ಕಟ್ಟಿದ್ದು ಅದಕ್ಕ ಪಸಂದ ಬಂದಿಲ್ಲ" ಎಂದು ನಮ್ಮ ಮನೆಯವರು ಮುಖ ಸಣ್ಣ ಮಾಡಿಕೊಂಡು, ಆ ಚಪ್ಪರದ ಮೇಲೆ ಟವೆಲ್ ಒಣಹಾಕಲು ಶುರುಮಾಡಿದರು.

ಮೊದಲ ಹೂವನ್ನು ಕಂಡವರು ಮಾವನವರು. ಬೆಳಿಗ್ಗೆ ಆಂಟೆನಾ ನೆಟ್ಟಗಿದೆಯೋ ಇಲ್ಲವೋ ನೋಡಲು ಹೊರಗೆ ಹೋದವರು ಅಲ್ಲಿಂದಲೇ ಕೂಗಿದರು. "ಏ, ಎಲ್ಲಾರೂ ಹೊರಗ ಬರ್ರಿ!" ಹಾವು ಬಂತೆಂದು ಅತ್ತೆ ಸೌಟು ಹಿಡಿದುಕೊಂಡೇ ಓಡಿದರು. ನೋಡಿದರೆ ಅಂಗೈ ಅಗಲದ ನೇರಳೆ ಹೂ, ಸುತ್ತ ಎಳೆಎಳೆಯಾಗಿ ಹರಡಿದ ಝಾಲರಿ, ನಡುವೆ ಹಸಿರು ಗುಂಡು. ಘಮ ಬಾಗಿಲವರೆಗೂ ಬರುತ್ತಿತ್ತು. ನನ್ನ ಅವ್ವ ಹೇಳುತ್ತಿದ್ದ ಕಥೆಯನ್ನು ನಾನು ಒಪ್ಪಿಸಿದೆ. ಸುತ್ತಲಿನ ಎಳೆಗಳು ನೂರು ಮಂದಿ ಕೌರವರು, ಅವುಗಳ ಮೇಲಿನ ಐದು ಪಾಂಡವರು, ಎಲ್ಲಕ್ಕೂ ಮೇಲಿನ ಮೂರು ಬ್ರಹ್ಮ, ವಿಷ್ಣು, ಮಹೇಶ್ವರ.

ಅತ್ತೆ ಸೌಟನ್ನು ನನ್ನ ಕೈಗೆ ಕೊಟ್ಟು, ಹೂವನ್ನು ಎರಡೂ ಕೈಯಲ್ಲಿ ಹಿಡಿದು ಬಿಡಿಸಿಕೊಂಡರು.

ಮಾವನವರಿಗೆ ಕೆಣಕದೆ ಇರಲಾಗಲಿಲ್ಲ. "ಹೆಸರ ಕೃಷ್ಣಕಮಲ. ನಿನ್ನ ಲಿಂಗಪೂಜಿಗೆ ಇದು ಹೆಂಗ ನಡೀತೈತಿ?"

"ಮೂರರಾಗ ಒಬ್ಬಾಂವ ನಮ್ಮಪ್ಪ ಅದಾನಿಲ್ಲೋ?" ಎಂದರು ಅತ್ತೆ. "ಉಳದವರು ಅವನ ಜೋಡಿ ಬಂದಾರ. ಬಂದವರಿಗೆ ಬ್ಯಾಡ ಅನ್ನಾಕ ಆಗತೈತೇನ್ರಿ?"

ಆ ದಿನದಿಂದ ಬಳ್ಳಿ ಅವರದಾಯಿತು. ನೆಟ್ಟವಳು ನಾನು ಎಂಬುದನ್ನು ಓಣಿ ಮರೆಯಿತು, ಸ್ವಲ್ಪ ದಿನಕ್ಕೆ ನಾನೂ ಮರೆತೆ. ಹೂ ನೋಡಲು ಬಂದ ಹೆಂಗಸರಿಗೆ ಅತ್ತೆ ಕೌರವ ಪಾಂಡವರನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಒಬ್ಬಾಕೆ, "ನೂರು ಅದಾವಂತ ಎಣಿಸೀರೇನ್ರಿ ಅಕ್ಕಾರ?" ಎಂದು ಕೇಳಿದಳು. ಅತ್ತೆ ತಡವರಿಸಲೇ ಇಲ್ಲ. "ಹಡದ ತಾಯಿನ ಕಣ್ಣಿಗೆ ಬಟ್ಟಿ ಕಟ್ಕೊಂಡು ಕುಂತಿದ್ಲು, ಎಣಿಸಲಿಲ್ಲ. ನಾ ಎಲ್ಲಿ ಎಣಿಸ್ಲವಾ?"

ಮರುವರ್ಷದ ಮಳೆಗಾಲಕ್ಕೆ ಬಳ್ಳಿ ಮಾಳಿಗೆ ದಾಟಿ ಆಂಟೆನಾ ಮುಟ್ಟಿತು. ಹಣಿಗೆಯ ಹಲ್ಲಿಗೊಂದರಂತೆ ಕುಡಿ ಸುತ್ತಿಕೊಂಡಿತು. ವಾರ್ತೆ ಓದುವವರಿಗೆ ಎರಡು ಮೂಗು ಬಂದವು. ಆಮೇಲೆ ಮೂಗು, ಬಾಯಿ ಎಲ್ಲ ಹೋಗಿ ಪರದೆಯ ತುಂಬ ಬರೀ ಚುಕ್ಕಿಗಳ ಮಳೆ. ಮಾವನವರು ದಿನಾ ಮಾಳಿಗೆ ಹತ್ತಿ ಪೈಪು ತಿರುವುವುದು, ಕೆಳಗಿನಿಂದ ನಾನು "ಬಂತ್ರಿ... ಹೋತ್ರಿ... ಇನ್ನೊಂದೀಟು ತಿರುವ್ರಿ" ಎನ್ನುವುದು ಅಭ್ಯಾಸವಾಗಿ ಹೋಯಿತು. "ಒಂದು ದಿನ ಇದರ ಬುಡಾನ ಕೀಳತೇನಿ" ಎಂದು ಅವರು ಹಲ್ಲು ಕಡಿಯುವುದು, "ಮುಟ್ಟಿ ನೋಡ್ರಿ" ಎಂದು ಅತ್ತೆ ಒಳಗಿನಿಂದ ಹೇಳುವುದೂ ಅಭ್ಯಾಸವಾಯಿತು.

ಆ ಒಂದು ದಿನ ಬಂದದ್ದು ಕ್ರಿಕೆಟ್ ಪಂದ್ಯದ ಭಾನುವಾರ. ಪಡಸಾಲೆಯಲ್ಲಿ ಮಾವನವರ ಗೆಳೆಯರೆಲ್ಲ ಕೂಡಿದ್ದರು. ಚಾಚಾ ರಜೆ ಹಾಕಿದ್ದರು. ನಮ್ಮವರು ಗೆಲ್ಲಬಹುದು ಎಂಬ ಸ್ಥಿತಿ ಬಂದ ಹೊತ್ತಿಗೇ ಪರದೆಯ ಮೇಲೆ ಮಳೆ ಶುರುವಾಯಿತು. ಯಾರೋ ಟೀವಿಯ ತಲೆಯ ಮೇಲೆ ಬಡಿದರು. ಇನ್ಯಾರೋ, "ಆಟ ಆಡೋ ಊರಾಗ ಮಳಿ ಬಂದೈತೋ ಏನೊ" ಎಂದರು. ಮಾವನವರು ಎದ್ದು, ಬಾಗಿಲ ಹಿಂದಿನ ಕುಡಗೋಲು ತೆಗೆದುಕೊಂಡು, ಯಾರಿಗೂ ಏನೂ ಹೇಳದೆ ನಿಚ್ಚಣಿಕೆ ಹತ್ತಿದರು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ಅದು ಹೇಗೆ ತಿಳಿಯಿತೋ ಗೊತ್ತಿಲ್ಲ. ಹಿಟ್ಟಿನ ಕೈಯಲ್ಲೇ ಸೀರೆಯ ನೆರಿಗೆ ಎತ್ತಿ ಕಟ್ಟಿ, ಅವರ ಬೆನ್ನಿಗೇ ನಿಚ್ಚಣಿಕೆ ಹತ್ತಿದರು. ಮೊಣಕಾಲು ನೋವೆಂದು ಅದುವರೆಗೆ ಕಟ್ಟೆ ಹತ್ತಲೂ ನನ್ನ ಭುಜ ಹಿಡಿಯುತ್ತಿದ್ದವರು ಅವರು! ಬೀಳುತ್ತಾರೆಂದು ಹೆದರಿ ನಾನೂ ಹಿಂದೆಯೇ ಹತ್ತಿದೆ.

"ಹೂ ಬಿಟ್ಟ ಬಳ್ಳಿಗೆ ಕುಡಗೋಲು ಹಚ್ಚತೀರಿ? ಮೊದಲ ನನಗ ಹಚ್ರಿ!" ಎಂದು ಅತ್ತೆ ಹೋಗಿ ಪೈಪನ್ನು ಬಳ್ಳಿಯ ಸಮೇತ ಎರಡೂ ಕೈಯಿಂದ ತಬ್ಬಿ ನಿಂತರು.

ಮಾವನವರು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಹೋ ಎಂಬ ಕೂಗು ಎದ್ದಿತು. ಚಾಚಾ ಅಂಗಳಕ್ಕೆ ಓಡಿಬಂದರು.

"ಮಾಸ್ತರ್ರ! ಬಂತ್ರಿ, ಬಂತು! ಕನ್ನಡಿ ಹಂಗ ಕಾಣಾಕತ್ತೈತಿ! ಏನ್ ಮಾಡಿದ್ರಿ?"

ಮಾವನವರು ಹೆಂಡತಿಯನ್ನು ನೋಡಿದರು, ಆಂಟೆನಾ ನೋಡಿದರು, ಕೈಯಲ್ಲಿದ್ದ ಕುಡಗೋಲನ್ನೂ ನೋಡಿದರು. ಸಂಶಯ ಬಂದು, "ಸ್ವಲ್ಪ ಕೈ ಬಿಡು" ಎಂದರು. ಅತ್ತೆ ಬಿಟ್ಟರು. ಕೆಳಗಿನಿಂದ "ಅಯ್ಯೋ, ಹೋತ್ರಿ!" ಮತ್ತೆ ಹಿಡಿದರು. "ಬಂತ್ರಿ! ಅಕ್ಕಾರ, ಅಲ್ಲೇ ನಿಂದರ್ರಿ, ಅಳ್ಳಾಡಬ್ಯಾಡ್ರಿ!"

ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆಯ ಕೈಗೆ ಇಂಥ ಅಧಿಕಾರ ಎಂದೂ ಸಿಕ್ಕಿರಲಿಲ್ಲ. ಅವರು ಅದನ್ನು ತಕ್ಷಣ ಗುರುತಿಸಿದರು.

"ಹಿಡಕೊಂಡ ನಿಂದರತೇನಿ" ಎಂದರು ನಿಧಾನವಾಗಿ. "ಆದ್ರ ಈ ಬಳ್ಳಿಗೆ ಇನ್ನ ಮುಂದ ಎಂದೂ ಕುಡಗೋಲು ಹಚ್ಚಂಗಿಲ್ಲಂತ ಆಣಿ ಮಾಡ್ರಿ. ಇಲ್ಲಂದ್ರ ನನ್ನ ರೊಟ್ಟಿ ಹಂಚಿನ ಮ್ಯಾಲ ಅದಾವು, ನಾ ಹೊಂಟೆ."

"ಏ, ಆಣಿ ಗೀಣಿ ಏನಿದು ಹುಚ್ಚರಂಗ..."

ಅತ್ತೆ ಒಂದು ಕೈ ತೆಗೆದರು. ಕೆಳಗೆ ಹಾಹಾಕಾರ.

"ಮಾಸ್ತರ್ರ, ಏನ್ ಕೇಳತಾರ ಕೊಟ್ಟಬಿಡ್ರಿ!" ಎಂದು ಚಾಚಾ ಅಂಗಳದಿಂದ ಅಂಗಲಾಚಿದರು. "ಬರೇ ನಾಕ ಓವರ್ ಉಳದಾವ್ರಿ!"

ಮಾವನವರು ಕುಡಗೋಲನ್ನು ಕೆಳಗಿಟ್ಟು, ಬಳ್ಳಿಯ ಎಲೆಯೊಂದನ್ನು ಮುಟ್ಟಿ, "ಆಣಿ" ಎಂದು ಒಂದೇ ಮಾತು ಹೇಳಿ ನಿಚ್ಚಣಿಕೆ ಇಳಿದು ಓಡಿದರು.

ಬಿಸಿಲು ಚುರುಗುಟ್ಟುತ್ತಿತ್ತು. ನಾನು ಕೊಡೆ ತಂದು ಅತ್ತೆಯ ತಲೆಯ ಮೇಲೆ ಹಿಡಿದೆ. ಸ್ವಲ್ಪ ಹೊತ್ತಿನ ನಂತರ ಕೈ ಸೋತಿತೆಂದು ಅವರು ನನಗೆ ಹಿಡಿಯಲು ಹೇಳಿದರು. ಅವರು ಹಿಡಿದ ಜಾಗದಲ್ಲೇ, ಅವರು ಹಿಡಿದಂತೆಯೇ ಹಿಡಿದೆ. ಕೆಳಗೆ ಚಿತ್ರ ಹೋಯಿತು. "ಸೊಸಿ ಕೈಗೆ ಬರಂಗಿಲ್ಲದು" ಎಂದು ಅತ್ತೆ ಬಲು ಸಂತೋಷದಿಂದ ನನ್ನನ್ನು ಸರಿಸಿ ಮತ್ತೆ ತಾವೇ ಹಿಡಿದರು. ಈ ಮಾತನ್ನು ಅವರು ಮುಂದೆ ಮನೆಗೆ ಬಂದವರಿಗೆಲ್ಲ ಹೇಳಿದ್ದಾರೆ.

ಸುಮ್ಮನೆ ನಿಲ್ಲುವುದು ಅವರಿಗೆ ಬೇಸರವಾಯಿತು. ಕೆಳಗೆ ಏನು ನಡೆದಿದೆ ಎಂದು ತಿಳಿಯಬೇಕಿತ್ತು. ಚಾಚಾ ಬಾಗಿಲಲ್ಲಿ ನಿಂತು, ಒಂದು ಕಣ್ಣು ಟೀವಿಯ ಕಡೆ ಇಟ್ಟು, ಮೇಲಕ್ಕೆ ಮುಖ ಮಾಡಿ ವರದಿ ಒಪ್ಪಿಸತೊಡಗಿದರು.

"ಒಬ್ಬಾಂವ ಔಟ್ ಆದಾ ಅಕ್ಕಾರ!"

"ಔಟ್ ಅಂದ್ರ?"

"ಹೊರಗ ಹ್ವಾದ!"

"ಹೊರಗ ಹೋಗಿ ಮತ್ತ ಯಾವಾಗ ಬರತಾನ?"

"ಬರಂಗಿಲ್ರಿ. ಮುಗೀತು ಅವಂದು."

"ಪಾಪ! ಉಂಡಾನೋ ಇಲ್ಲೋ" ಎಂದು ಅತ್ತೆ ಮರುಗಿದರು. ಆಮೇಲೆ ಆತ ನಮ್ಮವನಲ್ಲ, ಎದುರಾಳಿ ಎಂದು ತಿಳಿದ ಮೇಲೆ, "ಹಂಗಂದ್ರ ಹೋಗ್ಲಿ ಬಿಡು" ಎಂದರು.

ಹೀಗೆ ಆಟ ಕೊನೆಗೆ ಬಂತು. ಅತ್ತೆ ಕಣ್ಣು ಮುಚ್ಚಿ ಪೈಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಬಹಳ ಹೊತ್ತು ಕೆಳಗಿನಿಂದ ಯಾವ ಕೂಗೂ ಇಲ್ಲ. ನನಗೆ ಅನುಮಾನ ಬಂದು ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಅಂಗಳದಲ್ಲಿ ಒಬ್ಬರೂ ಇಲ್ಲ. ಕರೆಂಟ್ ಹೋಗಿ, ಎಲ್ಲರೂ ರೇಡಿಯೋ ಹುಡುಕಿಕೊಂಡು ಮೂಲೆಯ ಪಾನಂಗಡಿಗೆ ಓಡಿದ್ದರು. ಮಾಳಿಗೆಯ ಮೇಲೆ ಇಬ್ಬರಿದ್ದೇವೆ ಎಂಬುದು ಯಾರಿಗೂ ನೆನಪಾಗಿರಲಿಲ್ಲ.

"ಅತ್ತಿ, ಕೈ ಬಿಡ್ರಿ. ಕರೆಂಟ್ ಹೋಗೈತಿ" ಎಂದೆ.

ಅತ್ತೆ ಇಳಿದು ಬಂದು, ಹಂಚಿನ ಮೇಲೆ ಕರಕಲಾದ ರೊಟ್ಟಿಯನ್ನು ತಾಟಿನಲ್ಲಿಟ್ಟು, ರಾತ್ರಿ ಅದನ್ನೇ ಮಾವನವರಿಗೆ ಬಡಿಸಿದರು. ಮಾವನವರು ಚೂರೂ ಬಿಡದೆ ತಿಂದರು. ಮರುದಿನ ಬೆಳಿಗ್ಗೆ ಅವರೇ ಎದ್ದು ಚಹಾ ಮಾಡಿ ಹೆಂಡತಿಗೆ ತಂದುಕೊಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಅತ್ತೆಯೂ ಒಂದು ಹನಿ ಬಿಡದೆ ಕುಡಿದರು.

ಮಾಸ್ತರರು ಆಣೆ ಮುರಿಯುವವರಲ್ಲ. ಕುಡಗೋಲು ಹಚ್ಚುವುದಿಲ್ಲ ಎಂದಿದ್ದರು. ಕತ್ತರಿಯ ಮಾತು ಆಣೆಯಲ್ಲಿ ಇರಲಿಲ್ಲ. ದಿನಾ ಬೆಳಿಗ್ಗೆ ಮೀಸೆ ಕತ್ತರಿಸುವ ಸಣ್ಣ ಕತ್ತರಿ ಹಿಡಿದು ಮಾಳಿಗೆ ಹತ್ತಿ, ಆಂಟೆನಾದ ಹಲ್ಲುಗಳಿಗೆ ಸುತ್ತಿದ ಕುಡಿಗಳನ್ನಷ್ಟೇ ಒಂದೊಂದಾಗಿ ಬಿಡಿಸತೊಡಗಿದರು. ಮೊದಮೊದಲು ಬೈಯುತ್ತಲೇ ಮಾಡುತ್ತಿದ್ದವರ ದನಿ ಬರಬರುತ್ತ ಬದಲಾಯಿತು. "ಈ ಕಡೆ ಬರಬ್ಯಾಡವಾ ನೀ. ಆ ಕಡೆ ಹೋಗು, ಶಾಣ್ಯಾಕಿ ಅದಿ" ಎಂದು ಅವರು ಮೇಲೆ ಒಬ್ಬರೇ ಮಾತಾಡುವುದು ಕೆಳಗೆ ಬಟ್ಟೆ ಒಗೆಯುತ್ತಿದ್ದ ನನಗೆ ಕೇಳಿಸುತ್ತಿತ್ತು. ನನ್ನನ್ನು ಅವರು ಅಷ್ಟು ಅಕ್ಕರೆಯಿಂದ ಮಾತಾಡಿಸಿದ್ದು ನೆನಪಿಲ್ಲ. ಎಲೆ ತಿನ್ನುವ ಮುಳ್ಳುಮುಳ್ಳಿನ ಕಂಬಳಿಹುಳುಗಳು ಬಂದಾಗ ಅವರು ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಬೇವಿನ ಎಲೆ ಕುದಿಸಿದ ನೀರನ್ನು ತಾವೇ ತಂಬಿಗೆಯಲ್ಲಿ ಹೊತ್ತು ಚಿಮುಕಿಸಿದರು.

ಆ ಹುಳುಗಳ ಕಾಲದಲ್ಲೇ ಕಿತ್ತೂರಿನಿಂದ ಅತ್ತೆಯ ಅಕ್ಕ ಬಂದಿದ್ದರು. ಬಳ್ಳಿಯ ನೆರಳಿನಲ್ಲಿ ಕೂತು ಅವಲಕ್ಕಿ ತಿನ್ನುವಾಗ ಒಂದು ಹುಳು ನೇರ ಅವರ ತಾಟಿಗೆ ಬಿತ್ತು. ಅವರ ಕೂಗಿಗೆ ಚಾಚಾನ ಹೆಂಡತಿ ಚಾಚಿ ಗೋಡೆಯಾಚೆಯಿಂದ ಇಣುಕಿದರು. ಇಷ್ಟಾದರೂ ಆ ಹಿರಿಯಾಕೆ ಹೊರಡುವಾಗ ಬಳ್ಳಿಯ ತುಂಡು ಕೇಳದೆ ಬಿಡಲಿಲ್ಲ. ಅವರ ಬಾಯಿಂದ ಸುದ್ದಿ ಹಬ್ಬಿ, ಎಂ.ಕೆ. ಹುಬ್ಬಳ್ಳಿಯ ನೆಂಟರೂ ಕೇಳಿದರು, ಸವದತ್ತಿಯವರೂ ಕೇಳಿದರು. ಎಲ್ಲ ಕಡೆಗೂ ಒಯ್ಯುವ ಕೆಲಸ ಚಾಚಾನದೇ. "ನಮ್ಮ ಕಂಡಕ್ಟರ್ ಕೇಳಾಕತ್ತಾನ್ರಿ ಮಾಸ್ತರ್ರ, ಇವಕ್ಕ ಫುಲ್ ಟಿಕೇಟೋ ಹಾಫ್ ಟಿಕೇಟೋ ಅಂತ" ಎಂದು ಅವರು ನಗುತ್ತಿದ್ದರು.

ಎರಡು ಸಾವಿರನೇ ಇಸವಿಯ ಈಚೆಗೆ ನಮ್ಮ ಓಣಿಗೆ ಕೇಬಲ್ ಬಂತು. ಬಂದ ಕೇಬಲ್‌ನವನು ಹಳೆಯ ಆಂಟೆನಾ ಕಳಚಲು ಮೇಲೆ ಹತ್ತಿ, ಕೈಗೆ ಕುಡಿ ಸುತ್ತಿಸಿಕೊಂಡು ಬರಿಗೈಯಲ್ಲಿ ಇಳಿದ. ಟೀವಿ ಈಗ ಹಗಲೂ ರಾತ್ರಿ ಸ್ವಚ್ಛವಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಅತ್ತೆ ಕ್ರಿಕೆಟ್ಟಿನಲ್ಲಿ ಪಳಗಿದ್ದರು. ಎಲ್‌ಬಿಡಬ್ಲ್ಯೂ ಕೊಟ್ಟದ್ದು ಸರಿಯೋ ತಪ್ಪೋ ಎಂದು ಮಾವನವರ ಜೊತೆ ಜಗಳವಾಡುತ್ತಿದ್ದರು. ಆದರೂ ಒಮ್ಮೆ ನನ್ನ ಹತ್ತಿರ, "ಚೊಲೋ ಕಾಣತೈತಿ ಖರೆ. ಆದ್ರ ಇದರಾಗ ನಾವು ಮಾಡೂದು ಏನೂ ಇಲ್ಲ ನೋಡು" ಎಂದು ಬೇಸರಪಟ್ಟರು.

ಒಂದು ಬೇಸಿಗೆಯ ಸಂಜೆ ಅಡ್ಡಮಳೆ ಬಂತು. ಮೊದಲು ಧೂಳು, ಆಮೇಲೆ ಆಲಿಕಲ್ಲು, ಅದರ ಹಿಂದೆ ಗಾಳಿ. ಬುಡದಲ್ಲಿ ತುಕ್ಕು ಹಿಡಿದಿದ್ದ ಪೈಪು ಬಳ್ಳಿಯ ಭಾರಕ್ಕೆ ಬಾಗಿ, ನಡುಗೋಡೆ ದಾಟಿ, ಚಾಚಾನ ಬಚ್ಚಲಮನೆಯ ತಗಡಿನ ಮೇಲೆ ದಢಾರನೆ ಬಿತ್ತು. ಚಾಚಿ "ಯಾ ಅಲ್ಲಾ!" ಎನ್ನುತ್ತ ಹೊರಗೆ ಬಂದರು. ಮಳೆ ನಿಲ್ಲುವ ಮೊದಲೇ ಮಾವನವರು ಕೊಡೆಯಿಲ್ಲದೆ ಅಲ್ಲಿಗೆ ಹೋಗಿ ಬಳ್ಳಿಯ ಕಾಂಡವನ್ನು ವೈದ್ಯರ ಹಾಗೆ ಸವರಿ ನೋಡುತ್ತಿದ್ದರು. ಬೇರು ನಮ್ಮ ಅಂಗಳದಲ್ಲಿ ಗಟ್ಟಿಯಾಗಿತ್ತು. ಕಾಂಡ ಮುರಿದಿರಲಿಲ್ಲ. ಮರುದಿನ ಎಲ್ಲರೂ ಸೇರಿ ಎತ್ತಿ ನಿಲ್ಲಿಸಲು ನೋಡಿದೆವು, ಆಗಲಿಲ್ಲ.

"ಇರ್ಲಿ ಬಿಡ್ರಿ ಮಾಸ್ತರ್ರ" ಎಂದರು ಚಾಚಿ. "ಬಿಸಲಿಗೆ ಆ ತಗಡು ಹಂಚಿನಂಗ ಕಾಯತೈತಿ. ಬಳ್ಳಿ ಇದ್ರ ನೆರಳಾಗತೈತಿ."

ಹಾಗೆ ಬಳ್ಳಿ ಅಲ್ಲೇ ಉಳಿಯಿತು, ಅಲ್ಲೇ ಹೂಬಿಟ್ಟಿತು. ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ಹೂಬುಟ್ಟಿ ಹಿಡಿದು ಪಕ್ಕದ ಮನೆಗೆ ಹೋಗುವರು. ಹೂ ಬಿಡಿಸಲು ಎಷ್ಟು ಹೊತ್ತು ಬೇಕು? ಆದರೆ ಚಾಚಿ ಚಹಾ ಇಡುವರು, ಮಾತು ಶುರುವಾಗುವುದು. ಅತ್ತೆ ಬಾರದೆ ಪೂಜೆಯಿಲ್ಲ. ಪೂಜೆಯಾಗದೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ.

ಒಂದು ದಿನ ಮಾವನವರಿಗೆ ಹಸಿವು ತಡೆಯದೆ, "ಕರ್ಕೊಂಡು ಬರ್ತೇನಿ" ಎಂದು ಸಿಟ್ಟಿನಿಂದ ಹೋದರು. ಅವರೂ ಬರಲಿಲ್ಲ. ನಮ್ಮ ಮನೆಯವರಿಗೆ ಯಾರ್ಡಿಗೆ ಹೋಗುವ ಹೊತ್ತಾಯಿತು. ಉಪ್ಪಿಟ್ಟು ಆರುತ್ತಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು, ಆಮೇಲೆ ತಾಟು ಹಾಕಿಕೊಂಡು ಕೂತೇಬಿಟ್ಟೆವು. ಕೊನೆಯ ತುತ್ತು ಬಾಯಲ್ಲಿರುವಾಗ ಇಬ್ಬರೂ ಒಳಗೆ ಬಂದರು.

"ಪೂಜಿ ಆಗೂಕಿನ ಮೊದಲ ಉಂಡ್ರಿ?" ಅತ್ತೆಯ ದನಿ ಏರಿತು.

ನಮ್ಮ ಮನೆಯವರು ತಲೆ ಎತ್ತದೆ, "ಯವ್ವಾ, ಅಪ್ಪನ ಮೀಸಿಗೆ ಏನ ಹತ್ತೈತಿ ನೋಡು" ಎಂದರು.

ಮಾವನವರ ಬಿಳಿ ಮೀಸೆಯ ತುಂಬ ಬಿಸ್ಕೀಟಿನ ಪುಡಿ ಇತ್ತು. ಅವರು ಲಗುಬಗೆಯಿಂದ ಒರೆಸಿಕೊಂಡು ಟೀವಿ ಹಚ್ಚಲು ಹೋದರು. ಅತ್ತೆ ತಮ್ಮ ತುಟಿಯನ್ನೂ ಸೆರಗಿನಿಂದ ಮೆಲ್ಲಗೆ ಒರೆಸಿಕೊಂಡು, ಹೂಬುಟ್ಟಿ ಹಿಡಿದು ದೇವರ ಮನೆಗೆ ನಡೆದರು. ಆ ದಿನ ಅವರು ಗಂಟೆಯನ್ನು ಬಹಳ ಜೋರಾಗಿ ಬಾರಿಸಿದರು.